ಖಾಲಿ ಟ್ಯಾಂಕಿನ ಬೆಂಕಿ ಗಾಡಿ

ಹವಲ್ಲಿ, ಕುವೈತ್
೭-೫-೧೯೯೯, ಶುಕ್ರವಾರ

ಪ್ರೀತಿಯ ಅಶ್ಮಿತಾಳ ಅಪ್ಪನಿಗೆ,

ನಾನೂ ಮಗಳೂ ಚೆನ್ನಾಗಿದ್ದೇವೆ. ನಿಮ್ಮ ಬಲಗೈ ಹೇಗಿದೆ? ಸೆಖೆಗೆ ಬೆವರು ಇಳಿದಾಗ ಸುಟ್ಟ ಚರ್ಮ ಉರಿಯುತ್ತದೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದಿರಿ. ಎಣ್ಣೆ ಹಚ್ಚಿಕೊಳ್ಳಲು ನಿಮಗೆ ಸೋಮಾರಿತನ ಎಂದು ನನಗೆ ಗೊತ್ತು. ಅತ್ತೆಗೆ ಹೇಳಿ ಹಚ್ಚಿಸಿಕೊಳ್ಳಿ. ಅಶ್ಮಿತಾ ಇಲ್ಲಿ ಅಕ್ಕನ ಮನೆಯಿಂದಲೇ ಸ್ಕೂಲಿಗೆ ಹೋಗುತ್ತಿದ್ದಾಳೆ. ನಾನು ವಾರಕ್ಕೊಮ್ಮೆ ರೆಸಾರ್ಟಿನಿಂದ ಬಂದು ಹೋಗುತ್ತೇನೆ. ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಾಳೆ, ಅಲ್ಲಿಗೆ ಜಗಳ ಮುಗಿಯುತ್ತದೆ. ಕಿನ್ನಿಗೋಳಿಯಲ್ಲಿ ಸ್ಕೂಲ್ ವ್ಯಾನಿನ ಡ್ರೈವರ್ ಕೆಲಸ ನಿಮಗೆ ಕೊಡಲಿಲ್ಲವಂತೆ. "ಬೆಂಕಿ ಬಿದ್ದಾಗ ಮಲಗಿದ್ದವನ ಕೈಗೆ ಮಕ್ಕಳನ್ನು ಕೊಡುವುದು ಹೇಗೆ" ಎಂದರಂತೆ. ಅತ್ತೆ ಫೋನಿನಲ್ಲಿ ಅತ್ತರು. ನೀವು ಬರೆಯಲೇ ಇಲ್ಲ. ಆ ಮಾತು ಕೇಳಿದ ದಿನದಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ನಿನ್ನೆ ರಾತ್ರಿ ಎರಡು ತಟ್ಟೆ ಉಂಡೆ. ಯಾಕೆಂದು ಹೇಳುತ್ತೇನೆ, ಕೂತುಕೊಂಡು ಓದಿ.

ನಿಮಗೆ ಗೊತ್ತಿರುವ ಕಥೆಯನ್ನೇ ಮೊದಲು ಬರೆಯುತ್ತೇನೆ, ನನ್ನ ಸಮಾಧಾನಕ್ಕೆ. ಎರಡು ವರ್ಷದ ಹಿಂದೆ ಇಪ್ಪತ್ತಮೂರನೆಯ ಕಾಟೇಜಿನವರ ಕೆಂಡದಿಂದ ಟೆಂಟಿಗೆ ಬೆಂಕಿ ಹಿಡಿದಾಗ ಟೆಲಿಫೋನ್ ಮೇಜಿನಲ್ಲಿ ಕೂತು ಗಂಟೆ ಒತ್ತಿದವಳು ನಾನೇ. ಪಟ್ಟಣದ ಬೆಂಕಿ ಗಾಡಿ ಬರಲು ಮುಕ್ಕಾಲು ಗಂಟೆ ಬೇಕು. ಅದಕ್ಕೇ ತಾನೇ ರೆಸಾರ್ಟಿಗೊಂದು ಸ್ವಂತ ಗಾಡಿ? ಗಂಟೆ ಬಾರಿಸಿದರೆ ಪ್ಲಂಬರ್ ಜೆರೋಮ್ ಪೈಪು ಬಿಟ್ಟು, ಎಲೆಕ್ಟ್ರಿಷಿಯನ್ ಅಬ್ದುಲ್ ರಹಿಮಾನ್ ಏಣಿ ಬಿಟ್ಟು, ನೀವು ಊಟದ ಕೈ ತೊಳೆಯದೆ ಓಡಬೇಕು. ಓಡಿದಿರಿ. ನಾಲ್ಕು ನಿಮಿಷದಲ್ಲಿ ಗಾಡಿ ಅಲ್ಲಿತ್ತು. ಹೋಸಿನಿಂದ ಬಂದದ್ದು ಅರ್ಧ ಕೊಡ ನೀರು, ಆಮೇಲೆ ಬರೀ ಗಾಳಿ. ಆ ಬೆಳಿಗ್ಗೆಯೇ ಮ್ಯಾನೇಜರ್ ಬಂಗೇರ ತನ್ನ ಮಕ್ಕಳ ಈಜುಕೊಳಕ್ಕೆ ಟ್ಯಾಂಕಿನ ನೀರನ್ನೆಲ್ಲ ಇಳಿಸಿಕೊಂಡಿದ್ದ. ಮತ್ತೆ ತುಂಬಿಸುವುದಕ್ಕೂ ನಿಮ್ಮನ್ನು ಬಿಡದೆ ಏರ್‌ಪೋರ್ಟಿಗೆ ಅಟ್ಟಿದ್ದ. ನೀವು ಬಂದು ಊಟಕ್ಕೆ ಕೂರುವಷ್ಟರಲ್ಲಿ ಬೆಂಕಿಯ ಗಂಟೆ ಬಾರಿಸಿತ್ತು. ಒದ್ದೆ ಕಂಬಳಿ ಹೊದ್ದು ಟೆಂಟಿನ ಒಳಗೆ ಹೋಗಿ ಅವರ ಮನೆಕೆಲಸದ ರಮ್ಲಾಳನ್ನು ಎತ್ತಿಕೊಂಡು ಬಂದವರು ನೀವು. ಸಂಜೆ ರೆಸಾರ್ಟಿನ ಯಜಮಾನ ಅರ್ಬಾಬನ ಮುಂದೆ "ಡ್ರೈವರ್ ನಿದ್ದೆ ಮಾಡುತ್ತಿದ್ದ, ಟ್ಯಾಂಕ್ ತುಂಬಿಸಲಿಲ್ಲ" ಎಂದು ಬೆರಳು ತೋರಿಸಿದವನು ಬಂಗೇರ. ನಮ್ಮ ತುಳು ಮಾತಾಡುವ, ನಮ್ಮ ಪಕ್ಕದ ಮುಲ್ಕಿಯ ಬಂಗೇರ! ನಿಮ್ಮ ಕೈಗೆ ಕಟ್ಟಿದ ಬ್ಯಾಂಡೇಜು ಇನ್ನೂ ಒದ್ದೆ ಇತ್ತು. ಅರ್ಬಾಬ "ಖಲಾಸ್", ಮುಗಿಯಿತು ಎಂದ, ಊರಿನ ಟಿಕೆಟ್ ಕೊಟ್ಟರು.

ನಾನು ಆವತ್ತು ಬಾಯಿ ಮುಚ್ಚಿಕೊಂಡಿದ್ದೆ. ರಿಜಿಸ್ಟರಿನಲ್ಲಿ ನಾನೇ ಬರೆದಿದ್ದ ಸಾಲು ಇತ್ತು: ಬೆಳಿಗ್ಗೆ ೯-೧೦, ಮ್ಯಾನೇಜರ್ ಫೋನ್, ಗಾಡಿ ಅವರ ಕೊಳಕ್ಕೆ. ಬಂಗೇರ ಬಂದು "ಆ ಹಾಳೆ ಹರಿದುಹಾಕು, ಇಲ್ಲದಿದ್ದರೆ ಗಂಡ ಹೆಂಡತಿ ಒಂದೇ ವಿಮಾನದಲ್ಲಿ ಹೋಗುತ್ತೀರಿ" ಎಂದ. ನೀವೂ ಕಣ್ಣಿನಲ್ಲೇ "ಬೇಡ ಮೋಹಿನಿ" ಎಂದಿರಿ. ಅವನ ಎದುರಿಗೇ ರಿಜಿಸ್ಟರಿನಿಂದ ಕಿತ್ತೆ. ಆದರೆ ಬುಟ್ಟಿಗೆ ಹಾಕಿದ್ದು ಬೇರೆ ಕಾಗದ. ಆ ಹಾಳೆ ಬಿಸ್ಕತ್ತಿನ ಡಬ್ಬಿಯ ಅಡಿಯಲ್ಲಿ ಮಡಚಿ ಕೂತಿತು. ನಿಮಗೂ ಹೇಳಲಿಲ್ಲ, ಹೇಳಿದ್ದರೆ ಹೆದರಿ ಸುಡಿಸುತ್ತಿದ್ದಿರಿ.

ಮುಂದೆ ತಪ್ಪೆಲ್ಲ ಡ್ರೈವರುಗಳ ತಲೆಗೇ ಇರಲಿ ಎಂದು ಬಂಗೇರ ಹೊಸ ನಿಯಮ ಮಾಡಿದ, ಗಾಡಿ ಶೆಡ್ಡಿನಿಂದ ಹೊರಗೆ ಹೋಗಬೇಕಾದರೆ ಅವನ ಸಹಿಯ ಚೀಟಿ ಬೇಕು ಎಂದು. ಗಂಟೆ ಬಾರಿಸಿದಾಗ ಮಾತ್ರ ಚೀಟಿ ಬೇಡ. ಪಾಪ, ಬುದ್ಧಿವಂತ! ಈಜುಕೊಳಕ್ಕೆ ನೀರು ಬೇಕಾದಾಗಲೆಲ್ಲ ತಾನೂ ಬರೆಯಬೇಕಾಯಿತು. ಮರೆತರೆ ನಾನು ಬಹಳ ವಿನಯದಿಂದ "ಸರ್, ನಿಮ್ಮದೇ ರೂಲ್ ಅಲ್ಲವಾ" ಎನ್ನುತ್ತಿದ್ದೆ. ಎರಡು ವರ್ಷದಲ್ಲಿ ಮೂವತ್ತೊಂದು ಚೀಟಿ, ಎಲ್ಲವೂ ಅದೇ ಬಿಸ್ಕತ್ತಿನ ಡಬ್ಬಿಗೆ. ಅವನಿಗೆ ಚಹಾ ಕಳಿಸುವಾಗ ನಗುನಗುತ್ತಾ ಕಳಿಸುತ್ತಿದ್ದೆ. ನನ್ನೊಳಗೆ ಇಷ್ಟು ವಿಷ ಇದೆ ಎಂದು ನನಗೇ ಗೊತ್ತಿರಲಿಲ್ಲ.

ನಿನ್ನೆ ಗುರುವಾರ, ವಾರದ ರಜೆಗೆ ಜನ ತುಂಬುವ ದಿನವೇ ನೋಡಬೇಕೆಂದು ಪಟ್ಟಣದಿಂದ ಬೆಂಕಿ ಇಲಾಖೆಯ ಇಬ್ಬರು ಅಧಿಕಾರಿಗಳು ತಪಾಸಣೆಗೆ ಬಂದರು. ಅರ್ಬಾಬನೂ ಜೊತೆಗಿದ್ದ. ದೇವರ ದಯೆ ನೋಡಿ, ಅದೇ ಬೆಳಿಗ್ಗೆ ಬಂಗೇರನ ಹೆಂಡತಿ ಶಶಿಪ್ರಭಾಳಿಗೆ ಕೊಳದ ನೀರು ಬದಲಾಯಿಸುವ ಮನಸ್ಸಾಗಿತ್ತು, ಬಂಗೇರ ಚೀಟಿಗೆ ಸಹಿ ಹಾಕಿ ಟ್ಯಾಂಕಿನ ನೀರು ಇಳಿಸಿಕೊಂಡಿದ್ದ. ಹನ್ನೊಂದು ಗಂಟೆಗೆ ಅಧಿಕಾರಿ ವಾಚು ನೋಡುತ್ತಾ ಗಂಟೆ ಒತ್ತಲು ಹೇಳಿದ. ಒತ್ತಿದೆ. ಜೆರೋಮ್ ಗಾಡಿ ತಂದ, ಈಗ ಅವನೇ ಡ್ರೈವರ್ ಕೂಡ. ಹೋಸ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬಂಗೇರನ ಬೆರಳು ಮೇಲೆದ್ದದ್ದನ್ನು ನೀವು ನೋಡಬೇಕಿತ್ತು, ಅದೇ ಬೆರಳು, ಅದೇ "ಡ್ರೈವರ್ ಕೀ ಗಲ್ತಿ", ಡ್ರೈವರನದೇ ತಪ್ಪು. ಜೆರೋಮನ ಮುಖ ಬಿಳಿಚಿತು. ನಾನು ಮೇಜಿನ ಕೆಳಗಿಂದ ಡಬ್ಬಿ ತೆಗೆದು ಬಿಸಿಲಿಗೆ ನಡೆದೆ. ಅರ್ಬಾಬ ಒಂದೊಂದೇ ಚೀಟಿ ಓದಿದ, ತಾರೀಕು ಕೇಳಿದ, ಕೊನೆಗೆ ಆ ಹಾಳೆ ಓದಿದ. ನಾನು ಅಬ್ದುಲ್ ರಹಿಮಾನನ ಕೈಲಿ ಅರಬ್ಬಿಯಲ್ಲಿ ನಿಮ್ಮ ಹೆಸರು ಹೇಳಿಸಿದೆ, ಎರಡು ಸಲ ಹೇಳಿಸಿದೆ. "ಕಾಂತಪ್ಪ. ಕೈ ಸುಟ್ಟುಕೊಂಡವನು." ಆಮೇಲೆ ಅರ್ಬಾಬ ಬಂಗೇರನ ಕಡೆ ತಿರುಗಿ ಒಂದೇ ಮಾತು ಹೇಳಿದ. ಖಲಾಸ್. ಆಹಾ, ಎಂಥ ಸುಖವಾಯಿತು ನನಗೆ!

ಸಂಜೆ ಬಂಗೇರ ನನ್ನ ಮೇಜಿನ ಮುಂದೆ ನಿಂತು "ಮೋಹಿನಿ, ನಮ ಒಂಜೇ ಊರ್ದಕುಲು ಅತ್ತಾ" ಎಂದ. ಒಂದೇ ಊರಿನವರಾದರೆ ಎರಡು ವರ್ಷ ಈ ಊರು ಎಲ್ಲಿತ್ತು ಸರ್ ಎಂದೆ. ಅವನ ಟಿಕೆಟಿಗೆ ಫೋನ್ ಮಾಡಿದವಳೂ ನಾನೇ. ಸೋಮವಾರ ಮಧ್ಯಾಹ್ನ ಬೊಂಬಾಯಿಯಿಂದ ಬಂದು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾನೆ. ನೀವು ಹೋಗಿ. ಗಿಡ್ಡ ತೋಳಿನ ಅಂಗಿ ಹಾಕಿಕೊಳ್ಳಿ. ಬೈಯಬೇಡಿ, ಏನೂ ಹೇಳಬೇಡಿ. ಎಲ್ಲರೆದುರಿಗೆ ನಿಮ್ಮ ಬಲಗೈ ಮುಂದೆ ಚಾಚಿ ನಿಲ್ಲಿ, ಅವನು ಹಿಡಿಯುವವರೆಗೂ. ಇದೊಂದು ನನಗಾಗಿ ಮಾಡಿ.

ಲಕೋಟೆಯಲ್ಲಿ ಅರ್ಬಾಬನ ಮೊಹರಿನ ಪತ್ರವಿದೆ, ತಪ್ಪು ನಿಮ್ಮದಲ್ಲ ಎಂದು. ಸ್ಕೂಲಿನವರ ಮೇಜಿನ ಮೇಲೆ ಇಟ್ಟು ಬನ್ನಿ. ಅತ್ತೆಯ ಕಾಲಿಗೆ ನನ್ನ ನಮಸ್ಕಾರ. ಅಶ್ಮಿತಾ ಅಪ್ಪನಿಗೆ ಮುತ್ತು ಕಳಿಸಿದ್ದಾಳೆ.

ಎಂದೆಂದಿಗೂ ನಿಮ್ಮವಳೇ,
ಮೋಹಿನಿ

ಮರೆತ ಮಾತು: ಇವತ್ತೇ ಊರಿಗೆ ಹೊರಟು ಈ ಕಾಗದ ಒಯ್ಯುವ ನರ್ಸ್ ಹೆಲೆನ್ ಬಾಯಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿದ್ದಾರೆ, ಬೇಗ ಬರೆಯುತ್ತೇನೆ. ದೇವರ ದಯೆ ಎಂದದ್ದು ಸುಳ್ಳು. ಇಲಾಖೆಯವರು ಬರುತ್ತಾರೆಂದು ಎಂಟೂವರೆಗೆ ಫೋನ್ ಬಂದದ್ದು ನನಗೆ. ಬಂಗೇರನಿಗೆ ಹೇಳಲಿಲ್ಲ. ಶಶಿಪ್ರಭಾಳಿಗೆ ಫೋನ್ ಮಾಡಿ "ಅಕ್ಕಾ, ನಿಮ್ಮ ಕೊಳದ ನೀರು ಹಸಿರಾಗಿದೆಯಂತೆ" ಎಂದವಳು ನಾನು. ಗಾಡಿ ಶೆಡ್ಡಿಗೆ ಬಂದ ಮೇಲೆ ಜೆರೋಮ್ "ತುಂಬಿಸ್ಬೇಕಾ ಅಕ್ಕಾ" ಎಂದು ಕೇಳಿದ. ಆಮೇಲೆ ನೋಡುವ, ಮೊದಲು ಆರನೆಯ ಕಾಟೇಜಿನ ನಲ್ಲಿ ಸರಿಮಾಡು ಎಂದು ಕಳಿಸಿದೆ. ಒಂದೂವರೆ ಗಂಟೆ ನೂರಿಪ್ಪತ್ತು ಕಾಟೇಜಿಗೆ ಬೆಂಕಿ ಆರಿಸಲು ಒಂದು ಹನಿ ನೀರಿರಲಿಲ್ಲ. ಹತ್ತು ಗಂಟೆಗೆ ಸ್ಕೂಲಿನ ಗೆಳತಿಯರ ಜೊತೆ ಅಶ್ಮಿತಾ ಬಂದಳು, ಬರುತ್ತಾಳೆಂದು ನನಗೆ ಮೊದಲು ಗೊತ್ತೇ ಇರಲಿಲ್ಲ. ಅವರು ಸಮುದ್ರದ ಕಡೆಯ ಕಾಟೇಜುಗಳ ಸಾಲಿನಲ್ಲಿ ಕೋಳಿ ಸುಡಲು ಕೆಂಡ ಹಾಕಿದರು. ಕಿಟಕಿಯಿಂದ ಆ ಹೊಗೆ ನೋಡುತ್ತಾ ಕೂತೆ. ಜೆರೋಮನನ್ನು ಕೂಗಿದ್ದರೆ ಹದಿನೈದು ನಿಮಿಷದಲ್ಲಿ ಟ್ಯಾಂಕ್ ತುಂಬುತ್ತಿತ್ತು. ಕೂಗಲಿಲ್ಲ. ನಮ್ಮ ಮಗಳು ಅಲ್ಲಿದ್ದಳು, ಆದರೂ ಕೂಗಲಿಲ್ಲ. ಇದನ್ನು ಓದಿ ಹರಿದುಹಾಕಿ ಎಂದು ಬರೆಯಲು ಹೊರಟಿದ್ದೆ. ಬೇಡ, ಇಟ್ಟುಕೊಳ್ಳಿ. ನಾನು ಊರಿಗೆ ಬಂದು ಬಂಗೇರನ ಕಥೆ ಹೇಳಿ ಜಂಬ ಕೊಚ್ಚಿದಾಗ ತೆಗೆದು ನನ್ನ ಮುಂದೆ ಇಡಿ.