ತಾಯ್ನಾಡಿನ ಬಾಗಿಲು ತೆರೆದಿದೆ ಎಂದವರಿಗೆ

ಮಾನ್ಯ ರಾಯಭಾರಿಗಳೇ,

ದೇಶ ಬಿಟ್ಟವರಿಗೆಲ್ಲ ತಾಯ್ನಾಡಿನ ಬಾಗಿಲು ಸದಾ ತೆರೆದಿದೆ ಎಂದು ಮೊನ್ನೆ ಟಿವಿಯಲ್ಲಿ ಅಪ್ಪಣೆ ಕೊಡಿಸಿದಿರಿ. ಆ ಬಾಗಿಲಲ್ಲಿ ನಿಂತು, ಒಳಗೆ ಹೋಗಲಾಗದೆ, ತಾಯಿಯನ್ನು ಕಳೆದುಕೊಂಡವಳು ನಾನು. ನಿಮ್ಮ ಮಾತಿಗೊಂದು ತಿದ್ದುಪಡಿ ಸೂಚಿಸಲು ಅಷ್ಟು ಅರ್ಹತೆ ಸಾಕೆಂದು ಭಾವಿಸುತ್ತೇನೆ.

ಅಲ್ಲಿದ್ದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಿದ್ದೆ. ವಿದ್ಯಾರ್ಥಿಗಳ ಮೆರವಣಿಗೆಯನ್ನು ಪೊಲೀಸರು ಚದುರಿಸಿದ ದಿನ ಐವರು ಹುಡುಗರನ್ನು ಸ್ಟ್ರೆಚರಿನಲ್ಲಿ ತಂದರು. ಮೂವರು ಉಳಿಯಲಿಲ್ಲ. ಮಹಡಿಯಿಂದ ಜಿಗಿದು ಸತ್ತರೆಂದು ಸರ್ಕಾರ ಹೇಳಿತು. ಮಹಡಿಯಿಂದ ಬಿದ್ದವರ ಬೆನ್ನೊಳಗೆ ಗುಂಡು ಹೇಗೆ ಹೊಕ್ಕೀತು? ಕೋರ್ಟಿನಲ್ಲಿ ನನ್ನನ್ನು ಕೇಳಿದರು, ಕಂಡದ್ದನ್ನು ಹೇಳಿದೆ. ವಾರದೊಳಗೆ ಕೆಲಸ ಹೋಯಿತು, ಮನೆಯ ಕಿಟಕಿಗೆ ಕಲ್ಲು ಬಿತ್ತು, ನನ್ನ ಹೆಸರಿಗೆ ವಾರಂಟ್ ಹೊರಟಿತು. ಒಂದು ಕೈಚೀಲ ಹಿಡಿದು ಗಡಿ ದಾಟಿದೆ. ಈಗ ಇಲ್ಲೊಂದು ಹೋಟೆಲಿನ ನೆಲಮಾಳಿಗೆಯಲ್ಲಿ, ಹಬೆಯಲ್ಲಿ ಬೇಯುತ್ತ, ಯಾರೋ ಮಲಗೆದ್ದ ಚಾದರಗಳಿಗೆ ಇಸ್ತ್ರಿ ಮಾಡುತ್ತೇನೆ.

ಹೋದ ವರ್ಷ ನನ್ನಣ್ಣ ಫೋನ್ ಮಾಡಿದ. ಅವನು ಅಲ್ಲೇ ಬಸ್ ಡ್ರೈವರ್. "ಅಮ್ಮ ಊಟ ಬಿಟ್ಟಿದ್ದಾಳೆ ಕಣೆ. ನಿನ್ನೇ ಕೇಳ್ತಾಳೆ." ನಿಮ್ಮ ಕಚೇರಿಗೆ ಓಡಿಬಂದೆ. ಕೂರಿಸಿದಿರಿ, ಕಾಫಿ ತರಿಸಿದಿರಿ. ಆಮೇಲೆ ನಗುತ್ತಲೇ ಹೇಳಿದಿರಿ: "ದೊಡ್ಡದೇನಿಲ್ಲಮ್ಮ. ಕೋರ್ಟಲ್ಲಿ ಹೇಳಿದ್ದು ಸುಳ್ಳು ಅಂತ ಒಂದು ಸಾಲು ಬರ್ಕೊಡಿ. ನಾಳೆನೇ ಹೊರಡಬಹುದು."

ಸಂಜೆ ಅಮ್ಮನಿಗೆ ತಿಳಿಸಿದೆ. ಅವಳು ವೀರಮಾತೆಯಂತೆ ನುಡಿದಳೆಂದು ಬರೆದರೆ ಓದುಗರು ಮೆಚ್ಚಿಯಾರು. ಹಾಗೇನೂ ಆಗಲಿಲ್ಲ.

"ಬರ್ಕೊಡೆ. ನಿನ್ನ ಗಂಟೇನು ಹೋಗುತ್ತೆ?"

"ಅಮ್ಮಾ, ಬೆನ್ನಲ್ಲಿ ಗುಂಡಿತ್ತು."

"ಇದ್ರೆ ಇತ್ತು. ಸತ್ತೋರು ವಾಪಸ್ ಬರ್ತಾರಾ? ನೀನಾದ್ರೂ ಬಾ."

"ಆ ಹುಡುಗರ ತಾಯಂದಿರಿಗೆ ಉಳಿದಿರೋದು ನಾನು ಹೇಳಿದ ಮಾತೊಂದೇ ಅಮ್ಮ."

"ಅವರಿಗೆ ನೀನಿದ್ದೀಯ. ನನಗ್ಯಾರು?" ಎಂದು ಫೋನನ್ನು ಅಣ್ಣನ ಕೈಗೆ ಕೊಟ್ಟಳು. ಮತ್ತೆಂದೂ ನನ್ನೊಡನೆ ಮಾತಾಡಲಿಲ್ಲ.

ನಾನು ಬರೆದುಕೊಡಲಿಲ್ಲ. ಸ್ವಲ್ಪ ದಿನಕ್ಕೇ ಅಮ್ಮ ತೀರಿಕೊಂಡಳು. "ಬರಬಹುದಿತ್ತು. ನೀನೇ ಬರ್ಲಿಲ್ಲ" ಎಂದು ಅಣ್ಣನೂ ಫೋನಿಟ್ಟ.

ನನ್ನ ಸಂಕಟ ಇರುವುದು ಇಲ್ಲೇ, ಮಾನ್ಯರೇ. ಕೆಲಸ, ಮನೆ, ಊರು ಕಸಿದುಕೊಳ್ಳುವುದು ನಿಮಗೆ ಕರಗತವಾದ ವಿದ್ಯೆ. ಆದರೆ ಸಾಯುವ ತಾಯಿಯನ್ನು ನೋಡಲೂ ಬಾರದ ಮಗಳೆಂಬ ಹೆಸರನ್ನು ನನ್ನ ತಲೆಗೆ ಕಟ್ಟಿ, ನೀವು ಎಷ್ಟು ನಾಜೂಕಾಗಿ ಕೈ ತೊಳೆದುಕೊಂಡಿರಿ. ತಾಯಿಯನ್ನೇ ಒತ್ತೆಯಿಟ್ಟುಕೊಂಡು ಮಗಳ ಬಾಯಿ ಮುಚ್ಚಿಸಲು ಹೊರಟವರಿಗೆ 'ತಾಯ್ನಾಡು' ಎನ್ನಲು ನಾಲಿಗೆಯಾದರೂ ಹೇಗೆ ಹೊರಳುತ್ತದೆ?

ಮರಳಲು ಅನುಮತಿ ಬೇಡುತ್ತಿಲ್ಲ. ನನ್ನಣ್ಣನಿಗೆ ನೀವೇ ಒಂದು ಫೋನ್ ಮಾಡಿ. ನಿನ್ನ ತಂಗಿ ಬಾರದೆ ಉಳಿದದ್ದಲ್ಲ, ನಾವು ಬಿಡಲಿಲ್ಲ ಎಂದು ಹೇಳಿ. ನಾನು ಕರೆ ಮಾಡಿದರೆ ಅವನು ಎತ್ತುವುದಿಲ್ಲ. ನೀವು ಮಾಡಿದರೆ ಎತ್ತುತ್ತಾನೆ, ಹೆದರಿಯಾದರೂ.

ಇಂತಿ,
ನಿಮ್ಮ ಕಡತದಲ್ಲಿ ಪರಾರಿಯಾದವಳು,
ಅಮ್ಮನ ಪಾಲಿಗೆ ಹಟಮಾರಿ