ಕೊನೆಯ ಐದು ಪದ್ಯಗಳ ಕವಿ

ಅನಗೋಳ, ಬೆಳಗಾವಿ
13-11-2000

ಭೂಪಾಲ ಸರ್ ಅವರಿಗೆ,

ಶನಿವಾರದ ವಿಚಾರ ಸಂಕಿರಣದಲ್ಲಿ ನೀವು ಓದಿದ ಪ್ರಬಂಧ ನನ್ನದು. ಕವಿಯ ಹೆಸರಿಲ್ಲದ ಆ ಹದಿನಾಲ್ಕು ಹಳೆಯ ಇಟಾಲಿಯನ್ ಪ್ರೇಮಪದ್ಯಗಳನ್ನು ಬರೆದವರು ಯಾರೆಂದು ಪತ್ತೆಹಚ್ಚಲು ನಾನು ಮೂರು ವರ್ಷ ಪ್ರತಿ ರವಿವಾರ ಖಾನಾಪುರದ ಬಸ್ಸು ಹತ್ತಿ, ರೋಮಿನಲ್ಲಿ ಓದಿ ಬಂದ ಫಾದರ್ ಪಿಂಟೋ ಅವರ ಬಳಿ ಆ ಭಾಷೆ ಕಲಿತೆ. ಕರಡು ತೋರಿಸಿದಾಗ ನೀವು, "ಇನ್ನೂ ಹಸಿ ಐತಿ, ಇಟ್ಟು ಹೋಗವ್ವಾ" ಎಂದಿರಿ. ಶನಿವಾರ ವೇದಿಕೆಯಿಂದ ನನ್ನತ್ತ ಕೈ ತೋರಿಸಿ, "ಈ ಹುಡಿಗಿ ಛಲೋ ಟೈಪ್ ಮಾಡಿಕೊಟ್ಟಾಳ್ರೀ" ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಊಟಕ್ಕೂ ನಿಲ್ಲದೆ ಎದ್ದು ಬಂದೆ.

ಅಚ್ಚಾಗುವಾಗ ನನ್ನ ಹೆಸರನ್ನೂ ಸೇರಿಸುವುದಾಗಿ ಹೇಳಿ ಕಳಿಸಿದ್ದೀರಿ. ದಯವಿಟ್ಟು ಬೇಡ. ಹದಿನಾಲ್ಕೂ ಒಬ್ಬನೇ ಕವಿಯವು ಎಂದು ಆ ಕರಡಿನಲ್ಲಿ ನಾನು ಬರೆದದ್ದು ತಪ್ಪು. ಕೊನೆಯ ಐದರಲ್ಲಿ ಪ್ರಾಸವೂ ಕಾಗುಣಿತವೂ ಬೇರೆ; ಅವು ಇನ್ನೊಬ್ಬನವು. ಅದನ್ನು ಹೇಳಲೆಂದೇ ಎರಡು ಸಲ ನಿಮ್ಮ ಕೋಣೆಗೆ ಬಂದಿದ್ದೆ. "ಆಮ್ಯಾಲ ನೋಡೂಣು" ಎಂದು ಕಳಿಸಿದಿರಿ.

ತಿದ್ದಿದ ಪ್ರಬಂಧವನ್ನು ನನ್ನ ಹೆಸರಿನಲ್ಲಿ ಇಂದು ಪತ್ರಿಕೆಯೊಂದಕ್ಕೆ ಕಳಿಸಿದ್ದೇನೆ. ನೀವು ಓದಿದ್ದರ ಕೆಳಗೆ ನಿಮ್ಮ ಹೆಸರೊಂದೇ ಇರಲಿ.

ಇಂತಿ,
ಶರ್ವರಿ ಚೌಗುಲೆ