ಮಾದಪ್ಪನಾಣೆಗೆ ಮೂರು ವರ್ಷ

ಕೊಳ್ಳೇಗಾಲ
14 ಜುಲೈ 2025

ಸತ್ತೇಗಾಲದ ಮಹಾದೇವಮ್ಮನವರಿಗೆ, ನಿಮ್ಮ ಮನೆಯಲ್ಲಿ ಆರು ವರ್ಷ ಸಾಕುಮಗಳಾಗಿದ್ದ ಪವಿತ್ರ ಮಾಡುವ ನಮಸ್ಕಾರಗಳು.

ಆದರ್ಶ ಸಾಕುತಾಯಿ ಎಂದು ಹನೂರಿನಲ್ಲಿ ಹೊದಿಸಿದ ಶಾಲನ್ನು ಮಡಿಸಿಟ್ಟಿರಾ, ಇಲ್ಲ ಇನ್ನೂ ಹೊದ್ದೇ ಓಡಾಡುತ್ತಿದ್ದೀರಾ? ಆ ದಿನದ ಊಟ ನನ್ನ ಮೆಸ್ಸಿನದು. ಎಲ್ಲರೂ ಎರಡನೇ ಸಲ ಸಾಂಬಾರು ಕೇಳಿದರು. ನೀವೊಬ್ಬರೇ ಅರ್ಧಕ್ಕೆ ಕೈ ತೊಳೆದಿರಿ.

ಅದರ ಹಿಂದಿನ ವಾರ ತಾನೇ ನೀವು ನನಗೆ ಫೋನು ಮಾಡಿದ್ದಿರಿ. ಈಗ ನಿಮ್ಮ ಮನೆಯಲ್ಲಿ ಬೆಳೆಯುತ್ತಿರುವ ಹುಡುಗಿಯ ವಿಚಾರ. "ರೂಪಂಗೂ ಹದಿನೆಂಟು ತುಂಬ್ತದೆ ಕಣವ್ವ, ಸರ್ಕಾರದ ದುಡ್ಡು ನಿಂತೋಯ್ತದೆ. ನಿನ್ ಮೆಸ್ಸಿಗೆ ಆಕ್ಕೋ, ಪಾತ್ರೆನಾದ್ರೂ ತಿಕ್ಕಂಡಿರ್ಲಿ" ಎಂದಿರಿ. ಪಿಯುಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗಿ!

ನನ್ನ ಹದಿನೆಂಟಕ್ಕೆ ಪಾಯಸ ಉಣ್ಣಿಸಿಯೇ ಬ್ಯಾಗನ್ನು ಜಗಲಿಗಿಟ್ಟಿರಿ. ಪಾಯಸ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಆ ವಾರವೆಲ್ಲ ಬಸ್ ನಿಲ್ದಾಣದ ಬೆಂಚು ನನ್ನ ಮನೆ. ಅಲ್ಲಿಂದಲೂ ಎಬ್ಬಿಸಿ ಕಳಿಸುವವರಿದ್ದರು.

ಅದಕ್ಕೇ ಅಂದು ಹನೂರಿನಲ್ಲಿ, ಬಡಿಸುತ್ತಾ ಬಂದವಳು ಮಕ್ಕಳ ರಕ್ಷಣಾ ಅಧಿಕಾರಿ ಪ್ರಭುಸ್ವಾಮಿಯವರ ಪಕ್ಕದಲ್ಲೇ ನಿಂತು, ಸೌಟು ಹಿಡಿದು ಕೇಳಿದೆ: "ಅವ್ವ, ಹದಿನೆಂಟಾಯ್ತಿದ್ದಂಗೆ ರೂಪನ್ನ ಕಳುಸ್ಬುಡ್ತೀರಂತಲ್ಲ, ನಿಜ್ವಾ?" ಇಡೀ ಪಂಕ್ತಿ ನಿಮ್ಮತ್ತ ತಿರುಗಿತು. ನೀವು ಶಾಲು ಸರಿಮಾಡಿಕೊಂಡು, "ಯಾವಳ್ಲೇ ಅಂದೋಳು? ಮಾದಪ್ಪನಾಣೆ ಸಾ, ಓದು ಮುಗಿಯೋಗಂಟ ನಮ್ಮನೇಲೇ ಇರ್ತಾಳೆ!" ಎಂದಿರಿ.

ಬಾಂಡ್ ಪೇಪರಿಗೆ ಹೆದರದವರೂ ಮಾದಪ್ಪನ ಆಣೆಗೆ ಹೆದರುವ ಸೀಮೆ ನಮ್ಮದು. ಅದು ನಿಮಗೆ ನೆನಪಾಗುವಷ್ಟರಲ್ಲಿ ಸಾಹೇಬರು ಎದ್ದು ನಿಂತು ಕೈ ಮುಗಿದಾಗಿತ್ತು. ರೂಪಳಿಗೆ ಇಪ್ಪತ್ತೊಂದು ತುಂಬುವವರೆಗೆ ಆರೈಕೆ ಮುಂದುವರಿಸುವ ಕಾಗದಕ್ಕೆ ಎಲೆ ಎತ್ತುವ ಮೊದಲೇ ನಿಮ್ಮ ರುಜು ಬಿತ್ತು. ಇನ್ನು ಸರ್ಕಾರದ ನೆರವು ರೂಪಳ ಖಾತೆಗೇ ಹೋಗಲಿ ಎಂದವಳೂ ನಾನು, ತಿಂಗಳಿಗೊಮ್ಮೆ ಮನೆಗೆ ಹೋಗಿ ನೋಡಿಬರುವವರು ಯಾರೆಂದು ಕೇಳಿದಾಗ ಸೌಟೆತ್ತಿದವಳೂ ನಾನು.

ಭಾನುವಾರ ಬರುತ್ತೇನೆ. ನಡುಮನೆಯಲ್ಲಿ ಕೂರುತ್ತೇನೆ. ಅನ್ನದ ತಪ್ಪಲೆ ಮುಚ್ಚಳ ತೆಗೆದು ನೋಡುತ್ತೇನೆ, ಅವಳು ಮಲಗುವ ಜಾಗ ನೋಡುತ್ತೇನೆ. ನೀವು ಕಾಫಿ ತಂದುಕೊಡುತ್ತೀರಿ. ಸಕ್ಕರೆ ಕಡಿಮೆ ಇರಲಿ. ಇದನ್ನು ಸೇಡು ಎಂದುಕೊಂಡರೆ ನನ್ನ ತಕರಾರೇನೂ ಇಲ್ಲ.

ಇಂತಿ, ನೀವು ಕಳಿಸಿದ ಮೇಲೂ ಬದುಕಿರುವ
ಪವಿತ್ರ

ತಾ.ಕ.: ಅಂದು ನಿಮ್ಮ ಜೊತೆ ಹನೂರಿಗೆ ಬಂದಿದ್ದ ರೂಪ, ಎಲ್ಲರೂ ಊಟ ಮುಗಿಸಿ ಎದ್ದ ಮೇಲೆ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಆ ಮನೆ ಬ್ಯಾಡ, ನಿನ್ ಜೊತೇಲೇ ಇರ್ತೀನಿ" ಎಂದು ಅತ್ತಳು. ಜಾಗವಿಲ್ಲ ಎಂದೆ. ಮೆಸ್ಸಿನ ಮಹಡಿಯ ಕೋಣೆ ಖಾಲಿ ಇದೆ. ಅವಳಿಗೆ ಹೇಳಬೇಡಿ.